ಡೇವ್ ಆಟ ಆಡಿದ್ದು ಸರಿ, ಮಾಡಿದ್ದು ಯಾರು?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ, ಕೇಳೋಕೆ ಪುರುಸೊತ್ತಿಲ್ಲದೆ ಇಲ್ಲಿ ಓದ್ತಿರೋರಿಗೂ ಸ್ವಾಗತ.

ಇವತ್ತಿನ ಕತೆ ಶುರುವಾಗೋದು ಒಂದು ಫೋನ್ ಕರೆಯಿಂದ. ಬೇಸಿಗೆ ರಜೆ. ತುಮಕೂರಿಂದ ಅಕ್ಕ ಫೋನ್ ಮಾಡಿದ್ಲು. "ನೋಡೋ, ನಿನ್ನ ಅಳಿಯ ಮೂರು ಹೊತ್ತೂ ಆ ಬಿಜಿಎಂಐ ಆಡ್ತಾನೆ. ಫೋನ್ ಕಿತ್ಕೊಂಡು ಬೀರುವಲ್ಲಿಟ್ಟು ಬೀಗ ಹಾಕಿದೀನಿ. ಎರಡು ದಿನದಿಂದ ನನ್ನ ಹತ್ರ ಮಾತಾಡ್ತಿಲ್ಲ. ನೀನೇ ಬಂದು ಬುದ್ಧಿ ಹೇಳು" ಅಂದ್ಲು.

ಹೋದೆ. ಹುಡುಗನಿಗೆ 12 ವರ್ಷ. ಬುದ್ಧಿ ಹೇಳೋಕೆ ಬಾಯಿ ತೆಗೆಯೋ ಮೊದಲೇ ಅವನೇ ಕೇಳಿದ: "ಮಾಮ, ನನಗೆ ಗೇಮ್ ಆಡೋದಷ್ಟೇ ಅಲ್ಲ, ಮಾಡಬೇಕು. ಅದಕ್ಕೆ ಏನು ಕಲೀಬೇಕು?"

ನಾನು ಬಿಕಾಂ. ನನಗೆ ಗೊತ್ತಿರೋ ಸಾಫ್ಟ್‌ವೇರ್ ಅಂದ್ರೆ ಟ್ಯಾಲಿ. ಉತ್ತರ ಬರಲಿಲ್ಲ. ಬದಲಿಗೆ ಒಂದು ಹಳೇ ನೆನಪು ಬಂತು.

ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಲ್ಲಿ ಒಂದು ಕಂಪ್ಯೂಟರಿಗೆ ಮೂವರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗೋದು, ಸರ್ ಆ ಕಡೆ ತಿರುಗಿದ ತಕ್ಷಣ ಡೇಂಜರಸ್ ಡೇವ್ ತೆಗೆಯೋದು. ಕೆಂಪು ಟೋಪಿಯ ಡೇವ್, ಕಪ್ ತಗೊಂಡು ಬಾಗಿಲಿಗೆ ಓಡೋದು. ನಿಮಗೂ ನೆನಪಿರಬೇಕು. ಒಂದು ದಿನ ಸಿಕ್ಕಿಬಿದ್ದೆ. ಆ ಭಯದಲ್ಲೂ ಒಂದು ಪ್ರಶ್ನೆ ಕೇಳಿಬಿಟ್ಟೆ: "ಸರ್, ಇದನ್ನ ಯಾರು ಮಾಡಿದ್ದು?" ಉತ್ತರ ಬಂತು: "ಕಂಪ್ಯೂಟರ್ ಇರೋದು ಆಟಕ್ಕಲ್ಲ. ಹೊರಗೆ ನಿಂತ್ಕೋ."

ಆ ಪ್ರಶ್ನೆಗೆ ಉತ್ತರ ಹುಡುಕೋಕೆ ನನಗೆ ಹದಿನೈದು ವರ್ಷ ಬೇಕಾಯ್ತು. ಅಳಿಯನ ಪ್ರಶ್ನೆಗೂ ಉತ್ತರ ಅದರಲ್ಲೇ ಇತ್ತು.

ಚಿತ್ರವೇ ಇಲ್ಲದ ಆಟ

ಮೊದಲು 1969ಕ್ಕೆ ಹೋಗೋಣ. ಆ ವರ್ಷ ಜುಲೈನಲ್ಲಿ ಅಪೊಲೊ 11 ಚಂದ್ರನ ಮೇಲೆ ಇಳೀತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೆಕ್ಸಿಂಗ್ಟನ್ ಹೈಸ್ಕೂಲಲ್ಲಿ ಜಿಮ್ ಸ್ಟೋರರ್ ಅನ್ನೋ ಹುಡುಗ ಓದ್ತಿದ್ದ. ಶಾಲೆಗೆ ಒಂದು ಕಂಪ್ಯೂಟರ್ ಸಿಕ್ಕಿತ್ತು. ಅವನು ಅದರಲ್ಲಿ ಚಂದ್ರನ ಮೇಲೆ ನೌಕೆ ಇಳಿಸುವ ಆಟ ಬರೆದ.

ಪರದೆ ಇಲ್ಲ, ಚಿತ್ರ ಇಲ್ಲ. ಟೈಪ್‌ರೈಟರ್ ಥರದ ಯಂತ್ರ ಕಾಗದದ ಮೇಲೆ ಅಂಕಿ ಅಚ್ಚು ಹಾಕುತ್ತೆ: ಎತ್ತರ ಇಷ್ಟು, ವೇಗ ಇಷ್ಟು, ಉಳಿದಿರೋ ಇಂಧನ ಇಷ್ಟು. ಪ್ರತಿ 10 ಸೆಕೆಂಡಿಗೆ ಎಷ್ಟು ಇಂಧನ ಉರಿಸಬೇಕು ಅಂತ ನೀವು ಟೈಪ್ ಮಾಡಬೇಕು. ಜಾಸ್ತಿ ಉರಿಸಿದ್ರೆ ಇಂಧನ ಖಾಲಿ, ಕಡಿಮೆ ಉರಿಸಿದ್ರೆ ನೌಕೆ ಪುಡಿಪುಡಿ. ಅಷ್ಟೇ ಆಟ. ಆದ್ರೆ ಎದೆ ಹೊಡ್ಕೊಳ್ಳೋಕೆ ಅಷ್ಟು ಸಾಕು. ಚಂದ್ರಯಾನ 2ರ ವಿಕ್ರಮ್ ಕೊನೇ ಗಳಿಗೆಯಲ್ಲಿ ಕೈ ತಪ್ಪಿದ್ದು, 2023ರ ಆಗಸ್ಟ್ 23ಕ್ಕೆ ಚಂದ್ರಯಾನ 3 ಇಳಿದಿದ್ದು, ಎರಡನ್ನೂ ನೋಡಿದ ನಮಗೆ ಆ ಅಂಕಿಗಳ ಬೆಲೆ ಗೊತ್ತು.

ಈ ಆಟ ಒಂದು ಶಾಲೆಯಲ್ಲೇ ಉಳೀಲಿಲ್ಲ. ಡಿಇಸಿ ಅನ್ನೋ ಕಂಪ್ಯೂಟರ್ ಕಂಪನಿಯಲ್ಲಿ ಡೇವಿಡ್ ಆಲ್ ಅಂತ ಒಬ್ಬರಿದ್ರು. ಇಂಥ ಆಟಗಳನ್ನ ಹುಡುಕಿ, ಬೇಸಿಕ್ ಭಾಷೆಗೆ ತಂದು, 1973ರಲ್ಲಿ ಪುಸ್ತಕ ಮಾಡಿದ್ರು. ಬೇಸಿಕ್ ಅಂದ್ರೆ 1964ರಲ್ಲಿ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಅನ್ನೋ ಇಬ್ಬರು ಮೇಷ್ಟ್ರು ಮಾಡಿದ ಪ್ರೋಗ್ರಾಮಿಂಗ್ ಭಾಷೆ. ವಿಜ್ಞಾನ ಓದದ ಹುಡುಗರೂ ಕಂಪ್ಯೂಟರ್ ಮುಟ್ಟಬೇಕು ಅನ್ನೋದೇ ಅವರ ಉದ್ದೇಶ. ಅಂದ್ರೆ ನನ್ನಂಥ ಕಾಮರ್ಸ್‌ನವರಿಗೂ ಜಾಗ ಇತ್ತು! ಆ ಪುಸ್ತಕದ 1978ರ ಆವೃತ್ತಿಯನ್ನ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಕಂಪ್ಯೂಟರ್ ಪುಸ್ತಕ ಅಂತ ಗುರುತಿಸ್ತಾರೆ.

ಅದರಲ್ಲಿ ಏನಿತ್ತು ಗೊತ್ತಾ? ಬರೀ ಕೋಡ್. ಇವತ್ತಿನ ಹಾಗೆ ಡೌನ್‌ಲೋಡ್ ಬಟನ್ ಇಲ್ಲ. ಆಟ ಬೇಕಾ? ಪುಟ ನೋಡ್ಕೊಂಡು ಸಾಲು ಸಾಲಾಗಿ ನೀವೇ ಟೈಪ್ ಮಾಡಿ. ಒಂದು ಅಕ್ಷರ ತಪ್ಪಿದ್ರೆ ಆಟ ನಡೆಯಲ್ಲ. ತಪ್ಪು ಹುಡುಕ್ತಾ ಹುಡುಕ್ತಾ ಯಾವ ಸಾಲು ಏನು ಮಾಡುತ್ತೆ ಅನ್ನೋದು ತಾನಾಗೇ ತಿಳಿಯುತ್ತೆ. ಆಮೇಲೆ ಕೈ ಸುಮ್ಮನಿರಲ್ಲ. "ಇಂಧನ ಎರಡರಷ್ಟು ಕೊಟ್ರೆ ಏನಾಗುತ್ತೆ?" ಅಂತ ಒಂದು ಅಂಕಿ ಬದಲಾಯಿಸ್ತೀವಿ. ಆಟ ಆಡೋನು ಆಟ ಮಾಡೋನಾಗೋದು ಆ ಅಂಕಿ ಬದಲಾದ ಗಳಿಗೆಯಲ್ಲೇ ಅಂತ ನನಗನಿಸುತ್ತೆ.

ಏಟು ತಿಂದ ಹುಡುಗ

ಈಗ ಡೇವ್ ಕತೆ. ಅದನ್ನ ಮಾಡಿದವನ ಹೆಸರು ಜಾನ್ ರೊಮೇರೊ. ಹುಟ್ಟಿದ್ದು 1967ರಲ್ಲಿ, ಬೆಳೆದಿದ್ದು ಕ್ಯಾಲಿಫೋರ್ನಿಯಾದ ರಾಕ್ಲಿನ್‌ನಲ್ಲಿ. ಕಾಸು ಹಾಕಿ ಆಡೋ ವಿಡಿಯೊ ಗೇಮ್ ಅಂದ್ರೆ ಪ್ರಾಣ. ಮನೆಯಲ್ಲಿ ಬೇಡ ಅಂದ್ರೂ ಕದ್ದು ಹೋಗ್ತಿದ್ದ. ಒಂದು ಸಲ ಮಲತಂದೆ ಹಿಡಿದುಬಿಟ್ರು, ಅಲ್ಲೇ ಗೇಮ್ ಮಷೀನಿಗೇ ಮುಖ ಅಪ್ಪಳಿಸೋ ಹಾಗೆ ಹೊಡೆದ್ರು.

ಆಟ ಬಿಟ್ನಾ? ಇಲ್ಲ. ಊರಿನ ಸಿಯೆರಾ ಕಾಲೇಜಲ್ಲಿ ಕಂಪ್ಯೂಟರ್ ಇದೆ, ಅಲ್ಲಿ ಕಾಸಿಲ್ಲದೆ ಆಡಬಹುದು ಅಂತ ಗೊತ್ತಾಯ್ತು. ಸೈಕಲ್ ಹತ್ತಿ ಹೋದ. ಅಲ್ಲಿನ ವಿದ್ಯಾರ್ಥಿಗಳನ್ನ ಪೀಡಿಸಿ ಪೀಡಿಸಿ ಬೇಸಿಕ್ ಕಲಿತ. ಯಾರೂ ಅವನಿಗೆ ಕೋರ್ಸ್ ಮಾಡ್ಲಿಲ್ಲ. ಆದ್ರೆ "ಚಿಕ್ಕ ಹುಡುಗ, ಆಚೆ ಹೋಗು" ಅಂತ ಓಡಿಸ್ಲೂ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ರು.

ಮುಂದಿನದ್ದು ನನಗೆ ಬಹಳ ಇಷ್ಟವಾದ ಭಾಗ. 1982ರಲ್ಲಿ ಮನೆಗೆ ಒಂದು ಆಪಲ್ 2 ಕಂಪ್ಯೂಟರ್ ಬಂತು. ತಂದಿದ್ದು ಅದೇ ಮಲತಂದೆ. ಹೊಡೆದಿದ್ದು ಸರಿ ಅಂತ ನಾನು ಹೇಳ್ತಿಲ್ಲ, ಖಂಡಿತ ತಪ್ಪು. ಆದ್ರೆ ಏಟಿನಿಂದ ಆಗದ ಬದಲಾವಣೆ ಆ ಕಂಪ್ಯೂಟರಿಂದ ಆಯ್ತು. 1984ರಲ್ಲಿ, ಇನ್ನೂ ಹದಿನಾರರ ಹುಡುಗನಾಗಿದ್ದಾಗ, ರೊಮೇರೊ ಬರೆದ ಸ್ಕೌಟ್ ಸರ್ಚ್ ಅನ್ನೋ ಆಟದ ಕೋಡ್ ಇನ್‌ಸೈಡರ್ ಅನ್ನೋ ಪತ್ರಿಕೆಯಲ್ಲಿ ಅಚ್ಚಾಯ್ತು. 1988ರಲ್ಲಿ ಅಪ್‌ಟೈಮ್ ಅನ್ನೋ ಡಿಸ್ಕ್ ಪತ್ರಿಕೆಗಾಗಿ ಡೇಂಜರಸ್ ಡೇವ್ ಮಾಡಿದ. ಅದೇ ಡೇವ್ ಕೊನೆಗೆ ನಮ್ಮ ಲ್ಯಾಬಿಗೂ ಬಂದ. 1993ರಲ್ಲಿ ಗೆಳೆಯರ ಜೊತೆ ಸೇರಿ ಡೂಮ್ ಮಾಡಿ ಜಗತ್ತಿಗೇ ಹೆಸರಾದ.

ಲ್ಯಾಬಲ್ಲಿದ್ದ ಇನ್ನೊಂದು ಆಟ ನೆನಪಿದ್ಯಾ? ಪ್ರಿನ್ಸ್ ಆಫ್ ಪರ್ಷಿಯಾ. ಆ ರಾಜಕುಮಾರ ನಿಜವಾದ ಮನುಷ್ಯನ ಹಾಗೆ ಓಡ್ತಿದ್ದ, ಅಲ್ವಾ? ಯಾಕಂದ್ರೆ ಅದು ನಿಜವಾದ ಮನುಷ್ಯನೇ! ಜೋರ್ಡನ್ ಮೆಕ್ನರ್ ಅನ್ನೋ ಯುವಕ 1985ರಲ್ಲಿ ತನ್ನ ತಮ್ಮ ಡೇವಿಡ್‌ನನ್ನ ಓಡಿಸಿ, ಹಾರಿಸಿ, ವಿಡಿಯೊ ಮಾಡಿ, ಒಂದೊಂದೇ ಫ್ರೇಮ್ ನೋಡಿ ಚಿತ್ರ ತೆಗೆದ. ಸಂಗೀತ ಅವರಪ್ಪನದ್ದು. ಆಟ ಹೊರಬಂದಿದ್ದು 1989ರಲ್ಲಿ. ಮನೆಯವರಿಗೆ ಕೋಡಿಂಗ್ ಗೊತ್ತಿರಬೇಕು ಅಂತೇನಿಲ್ಲ. ತಮ್ಮ ಓಡಿದ, ಅಪ್ಪ ಹಾಡು ಕಟ್ಟಿದ್ರು, ಅಷ್ಟೇ.

ಬಾಗಿಲು ಮುಚ್ಚಿದ ಕಾಲ

1980ರ ದಶಕದ ಮನೆ ಕಂಪ್ಯೂಟರುಗಳಲ್ಲಿ ಒಂದು ವಿಶೇಷ ಇತ್ತು. ಆಪಲ್ 2 ಆಗ್ಲಿ, ಬ್ರಿಟನ್ನಿನ ಬಿಬಿಸಿ ಮೈಕ್ರೊ ಆಗ್ಲಿ, ಆನ್ ಮಾಡಿದ್ರೆ ಬೇಸಿಕ್ ಕೈಗೇ ಸಿಗ್ತಿತ್ತು. "ಏನು ಬರೀತೀಯ?" ಅಂತ ಯಂತ್ರವೇ ಕೇಳಿದ ಹಾಗೆ. ನಮ್ಮಲ್ಲೂ ಅದೇ ಬಿಬಿಸಿ ಮೈಕ್ರೊ ಬಂದಿತ್ತು. 1984-85ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ಆಯ್ದ ಕೆಲವು ಶಾಲೆಗಳಿಗೆ ಕೊಟ್ಟಿದ್ರು. ಆದ್ರೆ ಮನೆಯಲ್ಲಿ ರಾತ್ರಿ ಹತ್ತರವರೆಗೆ ಕೂತು ಹಾಳು ಮಾಡಿ ಸರಿ ಮಾಡೋ ಅವಕಾಶ ಬೇರೆ, ಲ್ಯಾಬಲ್ಲಿ ವಾರಕ್ಕೊಂದು ಪೀರಿಯಡ್ ಬೇರೆ.

ಆಮೇಲೆ ವಿಂಡೋಸ್ ಬಂತು, ಗೇಮ್ ಕನ್ಸೋಲ್ ಬಂತು, ಫೋನ್ ಬಂತು. ಆಟಗಳು ಸುಂದರವಾದವು, ಒಳಗೆ ಇಣುಕೋ ಕಿಟಕಿ ಮಾತ್ರ ಮುಚ್ಚಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿದ್ದ ಎಬೆನ್ ಅಪ್ಟನ್‌ಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಕಂಪ್ಯೂಟರ್ ವಿಜ್ಞಾನಕ್ಕೆ ಸೇರೋಕೆ ಬರೋ ಹುಡುಗರಲ್ಲಿ ಮೊದಲೇ ಪ್ರೋಗ್ರಾಮ್ ಬರೆದು ಕೈ ಪಳಗಿಸಿಕೊಂಡವರು ಕಡಿಮೆಯಾಗ್ತಿದ್ರು. ಅಗ್ಗದ ಪುಟಾಣಿ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 2012ರಲ್ಲಿ ಬಂದಿದ್ದು ಈ ಚಿಂತೆಯಿಂದಲೇ.

ಇಷ್ಟಾದ್ರೂ ಕೆಲವರು ಕಿಟಕಿ ಒಡೆದು ಒಳಗೆ ನುಗ್ಗಿದ್ರು. ಬೇರೆಯವರ ಆಟವನ್ನ ತಿದ್ದಿ ಹೊಸ ಆಟ ಮಾಡೋದಕ್ಕೆ ಮಾಡ್ ಅಂತಾರೆ. ಆರ್ಮಾ 2 ಅನ್ನೋ ಆಟ ತಿದ್ದಿ ಒಬ್ಬರು ಡೇಝಡ್ ಮಾಡಿದ್ರು. ಅದನ್ನ ಮತ್ತೆ ತಿದ್ದಿ, "ಕೊನೆಗೆ ಉಳಿದವನೇ ಗೆದ್ದ" ಅನ್ನೋ ನಿಯಮ ಹಾಕಿದ್ದು ಬ್ರೆಂಡನ್ ಗ್ರೀನ್ ಅನ್ನೋ ಐರ್ಲೆಂಡಿನವರು, 2013ರಲ್ಲಿ. ಅವರು ಫೋಟೋಗ್ರಫಿ, ವೆಬ್ ಡಿಸೈನ್ ಮಾಡ್ಕೊಂಡಿದ್ದವರು. ಆ ಪ್ರಯೋಗದಿಂದ ಬೆಳೆದಿದ್ದೇ 2017ರ ಪಬ್ಜಿ. ಅದರ ಭಾರತೀಯ ರೂಪ ಬಿಜಿಎಂಐ.

ಇದನ್ನ ಹೇಳಿದಾಗ ಅಳಿಯನ ಮುಖ ನೋಡಬೇಕಿತ್ತು. ಅಕ್ಕ ಬೀರುವಲ್ಲಿಟ್ಟು ಬೀಗ ಹಾಕಿದ್ದ ಆಟವೇ, ಯಾರೋ ಇನ್ಯಾರದ್ದೋ ಆಟ ತಿದ್ದಿದ್ದರಿಂದ ಹುಟ್ಟಿದ್ದು!

ಮಾಮ, ಹಳೇ ವೇಗ ಮರೆತೇ ಇಲ್ಲ ಅದು

"ಹಾಗಾದ್ರೆ ನಾನೂ ಬಿಜಿಎಂಐ ಥರದ್ದೇ ಮಾಡ್ತೀನಿ" ಅಂದ. ನೂರಾರು ಜನ ವರ್ಷಗಟ್ಟಲೆ ಮಾಡೋ ಕೆಲಸ ಅದು. ಹಾಗಂತ ಆಸೆಗೆ ತಣ್ಣೀರು ಹಾಕೋಕೂ ಮನಸ್ಸಾಗ್ಲಿಲ್ಲ. "ಮೊದಲು ಸಣ್ಣದೊಂದು ತಿದ್ದೋಣ" ಅಂದೆ.

ಸ್ಕ್ರಾಚ್ ತೆಗೆದ್ವಿ. ಇದು ಎಂಐಟಿ ಮೀಡಿಯಾ ಲ್ಯಾಬ್‌ನ ಮಿಚೆಲ್ ರೆಸ್ನಿಕ್ ಮತ್ತವರ ತಂಡ 2007ರಲ್ಲಿ ಮಕ್ಕಳಿಗಾಗಿ ಬಿಡುಗಡೆ ಮಾಡಿದ್ದು. ಕೋಡ್ ಟೈಪ್ ಮಾಡೋ ಬದಲು ಬಣ್ಣದ ಬ್ಲಾಕುಗಳನ್ನ ಒಂದಕ್ಕೊಂದು ಜೋಡಿಸೋದು. ಉಚಿತ. ಹೆಸರು ಬಂದಿರೋದು ಡಿಜೆಗಳು ರೆಕಾರ್ಡ್ ತಿರುಗಿಸಿ ಹಳೇ ಹಾಡಿಂದ ಹೊಸದು ಮಾಡ್ತಾರಲ್ಲ, ಅದರಿಂದ. ಅಲ್ಲಿ ಬೇರೆ ಮಕ್ಕಳು ಹಂಚಿಕೊಂಡ ಯಾವ ಆಟವನ್ನಾದ್ರೂ ತೆರೆದು ಒಳಗಿನ ಬ್ಲಾಕ್ ನೋಡಬಹುದು, ತಿದ್ದಿ ನಿಮ್ಮದು ಮಾಡ್ಕೋಬಹುದು. ಡೇವಿಡ್ ಆಲ್ ಪುಸ್ತಕ ಹೊಸ ರೂಪದಲ್ಲಿ ಬಂದ ಹಾಗೆ. ಒಂದು ಮಾತು: ಆಟ ಮಾಡೋಕೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಇದ್ರೆ ಒಳ್ಳೇದು, ಫೋನಿನ ಸಣ್ಣ ಪರದೆ ಸಾಲಲ್ಲ. ನನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟೆ.

ಚಂದ್ರನ ಮೇಲೆ ಇಳಿಯೋ ಒಂದು ಆಟ ತೆರೆದು, ನೌಕೆಯನ್ನ ವಿಕ್ರಮ್ ಥರ ಬರೆದ. ಒಳಗಿನ ಲೆಕ್ಕ ಸರಳ: ನೌಕೆಯ ವೇಗ ಗಳಿಗೆಗೊಂದಿಷ್ಟು ಕೆಳಮುಖವಾಗಿ ಹೆಚ್ಚುತ್ತೆ, ಸ್ಪೇಸ್ ಕೀ ಒತ್ತಿದ್ರೆ ಸ್ವಲ್ಪ ಮೇಲಕ್ಕೆ ತಳ್ಳುತ್ತೆ. ಆಮೇಲೆ ಎಲ್ಲಾ ಬ್ಲಾಕ್ ತೆಗೆದು, ಮೊದಲಿಂದ ತಾನೇ ಜೋಡಿಸಿದ. ಮೊದಲ ಸಲ ಚೆನ್ನಾಗಿ ನಡೀತು. ಎರಡನೇ ಸಲ ಹಸಿರು ಬಾವುಟ ಒತ್ತಿದ ತಕ್ಷಣ ನೌಕೆ ಕಲ್ಲಿನ ಹಾಗೆ ಬಿತ್ತು. ಮೂರನೇ ಸಲವೂ ಅಷ್ಟೇ.

ಅಕ್ಕ ಬಾಗಿಲಲ್ಲಿ ನಿಂತು ನೋಡ್ತಿದ್ಲು. ನನಗೂ ಗೊತ್ತಾಗ್ಲಿಲ್ಲ. "ಗೊತ್ತಿಲ್ಲ ಕಣೋ, ಬೀಳೋವಾಗ ವೇಗ ಎಷ್ಟಿದೆ ನೋಡು" ಅಂದೆ. ಒಂದು ತಾಸು ಬೇಕಾಯ್ತು. ಸೊನ್ನೆಯಿಂದ ಶುರುವಾಗಬೇಕಿದ್ದ ವೇಗ, ಹಿಂದಿನ ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಗ್ತಿತ್ತು. "ಮಾಮ! ಹಳೇ ವೇಗ ಮರೆತೇ ಇಲ್ಲ ಅದು!" ಅಂತ ಕೂಗಿದ.

ಆಗ ನನ್ನ ಬಿಕಾಂ ಕೆಲಸಕ್ಕೆ ಬಂತು ನೋಡಿ. "ಹೋದ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸ್ ಈ ವರ್ಷದ ಓಪನಿಂಗ್ ಬ್ಯಾಲೆನ್ಸ್ ಆಗಿದೆ ಕಣೋ" ಅಂದೆ. ಅವನಿಗೆ ಅರ್ಥ ಆಗ್ಲಿಲ್ಲ, ಅಕ್ಕನಿಗೆ ಆಯ್ತು. ನಕ್ಕಳು. ಶುರುವಿಗೆ "ವೇಗ ಸೊನ್ನೆ" ಅಂತ ಒಂದು ಬ್ಲಾಕ್ ಹಾಕಿದ. ಆಮೇಲೆ ಮೊದಲು ಕರೆದಿದ್ದು ನನ್ನನ್ನಲ್ಲ: "ಅಮ್ಮಾ, ನೀನು ಇಳಿಸು ಬಾ." ಅಕ್ಕ ನಾಲ್ಕು ಸಲ ವಿಕ್ರಮ್‌ನ ಪುಡಿ ಮಾಡಿದ್ಲು. "ತುಂಬಾ ಕಷ್ಟ ಆಯ್ತಲ್ಲೋ" ಅಂದ್ಲು. ಅವನು ಕೂತು ಇಂಧನದ ಒಂದು ಅಂಕಿ ಬದಲಾಯಿಸಿದ. ಐದನೇ ಸಲ ಇಳೀತು.

ಚಮತ್ಕಾರ ಏನೂ ಆಗಿಲ್ಲ, ಸುಳ್ಳು ಯಾಕೆ ಹೇಳ್ಲಿ. ಅವನು ಈಗಲೂ ಬಿಜಿಎಂಐ ಆಡ್ತಾನೆ, ಅಕ್ಕ ಈಗಲೂ ಬೈತಾಳೆ. ಆದ್ರೆ ಫೋನ್ ಬೀರುವಿಂದ ಹೊರಗೆ ಬಂದಿದೆ, ಆಟಕ್ಕೆ ದಿನಕ್ಕೊಂದು ಗಂಟೆ ಅಂತ ಇಬ್ಬರೂ ಒಪ್ಪಿದಾರೆ. ವಾರಕ್ಕೊಂದು ಸಲ ನನಗೆ ವಿಡಿಯೊ ಕಾಲ್ ಬರುತ್ತೆ, "ಮಾಮ, ಇದು ಯಾಕೆ ಹೀಗಾಗ್ತಿದೆ?" ಅಂತ. ಹತ್ತರಲ್ಲಿ ಎಂಟಕ್ಕೆ ನನ್ನ ಉತ್ತರ "ಗೊತ್ತಿಲ್ಲ, ನೋಡೋಣ ಬಾ."

ನಿಮ್ಮ ಮನೇಲೂ ತಮ್ಮನೋ, ತಂಗಿಯೋ, ಅಕ್ಕನ ಮಗಳೋ ಈ ಪ್ರಶ್ನೆ ಕೇಳಬಹುದು. ಕೋಡಿಂಗ್ ಕ್ಲಾಸಿಗೆ ಸಾವಿರಾರು ರೂಪಾಯಿ ಕಟ್ಟೋ ಮುಂಚೆ ಒಂದು ಸಂಜೆ ಪಕ್ಕದಲ್ಲಿ ಕೂತ್ಕೊಳ್ಳಿ. ಒಂದು ಸಣ್ಣ ಆಟ ತೆರೆದು, ಒಂದು ಅಂಕಿ ಬದಲಾಯಿಸೋಕೆ ಬಿಡಿ. ಅವರು ಮಾಡಿದ್ದನ್ನ ನೀವು ಆಡಿ, ಸೋಲಿ. ಸಿಯೆರಾ ಕಾಲೇಜಿನ ಆ ಹುಡುಗರು ಮಾಡಿದ್ದೂ ಸುಮಾರಾಗಿ ಇಷ್ಟೇ: ಕೇಳಿದಾಗ ಹೊರಗೆ ನಿಲ್ಲಿಸಲಿಲ್ಲ.

ನಿಮ್ಮ ಶಾಲೆಯ ಲ್ಯಾಬಲ್ಲಿ ಯಾವ ಆಟ ಇತ್ತು? ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲಿವರೆಗೆ ಆಡ್ತಿರಿ, ಆಗಾಗ ಮಾಡ್ತಾನೂ ಇರಿ. ನಮಸ್ಕಾರ.