ರಾಣಿಯ ಆಜ್ಞೆಯಿಂದ ಗಾಜಿನ ಎಳೆಯವರೆಗೆ

ವೇಗದ ಇಂಟರ್‌ನೆಟ್ಟನ್ನು ಎಲ್ಲರಿಗೂ ಉಚಿತವಾಗಿ ಕೊಡಬೇಕೆ ಎಂಬುದು ಹೊಸ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ಆದರೆ ನಾವು ಬಂದು ನೆಲೆಸಿರುವ ಈ ಕೇರಳದ ಚರಿತ್ರೆಯನ್ನು ನೋಡಿದರೆ ಇದರ ಬೇರು ಇನ್ನೂರು ವರ್ಷಗಳ ಹಿಂದಕ್ಕೆ ಹೋಗುತ್ತದೆ.

1817ರಲ್ಲಿ ತಿರುವಿತಾಂಕೂರಿನ ರಾಣಿ ಗೌರಿ ಪಾರ್ವತೀ ಬಾಯಿಯವರು ಪ್ರಜೆಗಳ ವಿದ್ಯಾಭ್ಯಾಸದ ವೆಚ್ಚವನ್ನು ಸರ್ಕಾರವೇ ಹೊರಬೇಕೆಂದು ಆಜ್ಞೆ ಹೊರಡಿಸಿದರು. 1829ರಲ್ಲಿ, ಸ್ವಾತಿ ತಿರುನಾಳ್ ಮಹಾರಾಜರ ಕಾಲದಲ್ಲಿ, ತಿರುವನಂತಪುರದ ಗ್ರಂಥಾಲಯ ಸ್ಥಾಪನೆಯಾಯಿತು. ಆದರೆ 'ಪ್ರಜೆಗಳು' ಎಂಬ ಮಾತಿನೊಳಗೆ ದಲಿತರಿಗೆ ಜಾಗವಿರಲಿಲ್ಲ. ಸುಮಾರು ತೊಂಬತ್ತು ವರ್ಷಗಳ ಮೇಲೂ, ಮಕ್ಕಳನ್ನು ಶಾಲೆಗೆ ಸೇರಿಸಲು ಅಯ್ಯಂಕಾಳಿಯವರು ಹೊಲದ ಆಳುಗಳ ಮುಷ್ಕರ ಹೂಡಬೇಕಾಯಿತು. ಊರುಟ್ಟಂಬಲದಲ್ಲಿ ಪಂಚಮಿಯೆಂಬ ಬಾಲಕಿಯನ್ನು ಅವರು ಕರೆದೊಯ್ದ ಶಾಲೆಗೆ ಬೆಂಕಿಯಿಟ್ಟರು. ಆಜ್ಞೆ ಹೊರಡುವುದಕ್ಕೂ ಅದು ಕಡೆಯ ಮನೆಯನ್ನು ಮುಟ್ಟುವುದಕ್ಕೂ ನಡುವೆ ಎಷ್ಟು ದೂರವೆಂಬುದನ್ನು ಕಡತಗಳ ನಡುವೆ ಬಾಳುವ ನಮ್ಮಂಥ ಗುಮಾಸ್ತರು ಬಲ್ಲೆವು.

ಆ ದೂರವನ್ನು ಕಡಿಮೆ ಮಾಡಿದವರು ಜನರೇ. 1945ರಲ್ಲಿ ಪಿ. ಎನ್. ಪಣಿಕ್ಕರ್ 47 ಗ್ರಂಥಾಲಯಗಳನ್ನು ಕೂಡಿಸಿ ಸಂಘ ಕಟ್ಟಿದರು. 1990ರಲ್ಲಿ ಕೊಚ್ಚಿಯನ್ನೊಳಗೊಂಡ ಎರ್ನಾಕುಲಂ ಜಿಲ್ಲೆ ಸಂಪೂರ್ಣ ಸಾಕ್ಷರವೆನಿಸಿತು. 2002ರಲ್ಲಿ ಮಲಪ್ಪುರದಲ್ಲಿ ಆರಂಭವಾದ 'ಅಕ್ಷಯ' ಯೋಜನೆ ಮನೆಗೊಬ್ಬರಿಗಾದರೂ ಕಂಪ್ಯೂಟರ್ ಕಲಿಸಲು ಹೊರಟಿತು.

2019ರ ಸೆಪ್ಟೆಂಬರಿನಲ್ಲಿ, ಹಾಸ್ಟೆಲಿನಲ್ಲಿ ಮೊಬೈಲ್ ನಿರ್ಬಂಧವನ್ನು ಒಪ್ಪದ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ ಕೊಚ್ಚಿಯ ಹೈಕೋರ್ಟು, ಇಂಟರ್‌ನೆಟ್ ಬಳಕೆ ವಿದ್ಯೆಯ ಹಾಗೂ ಖಾಸಗಿತನದ ಹಕ್ಕುಗಳ ಭಾಗವೆಂದು ತೀರ್ಪಿತ್ತಿತು. ಆದರೆ ಕಿತ್ತುಕೊಳ್ಳಬಾರದೆಂಬುದು ಬೇರೆ, ಒದಗಿಸಬೇಕೆಂಬುದು ಬೇರೆ.

ಒದಗಿಸುವ ಯತ್ನವೇ ಕೆ-ಫೋನ್. 2023ರ ಜೂನ್ 5ರಂದು ತಿರುವನಂತಪುರದಲ್ಲಿ ಅದರ ಉದ್ಘಾಟನೆಯಾಯಿತು. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯಲ್ಲಿ ಬೆಳಕು ಸುದ್ದಿಯನ್ನು ಹೊತ್ತು ಓಡುತ್ತದೆ. ಆ ಎಳೆಗಳನ್ನು ಬಹುಮಟ್ಟಿಗೆ ವಿದ್ಯುತ್ ಮಂಡಳಿಯ ಕಂಬಗಳ ಮೇಲೆಯೇ ಎಳೆದರು. ಅದರ ನಿಯಂತ್ರಣ ಕೇಂದ್ರ ಕೊಚ್ಚಿಯ ಇನ್ಫೋಪಾರ್ಕಿನಲ್ಲಿದೆ. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕವೆಂಬುದು ಗುರಿ; ಮೊದಲ ಹಂತಕ್ಕೆ ಗೊತ್ತುಮಾಡಿದ್ದು ವಿಧಾನಸಭಾ ಕ್ಷೇತ್ರವೊಂದಕ್ಕೆ ನೂರರಂತೆ 14,000 ಮನೆ. ಗುರಿಯ ನೂರರಲ್ಲಿ ಒಂದು ಪಾಲೂ ಅಲ್ಲ!

ಎಲ್ಲರಿಗೂ ಉಚಿತವಾದರೆ ವೆಚ್ಚ ಹೊರುವವರಾರು ಎಂಬ ಆಕ್ಷೇಪ ನ್ಯಾಯವಾದದ್ದೇ. ಬೀದಿಯ ನಲ್ಲಿಯ ನೀರಿಗೆ ಯಾರೂ ಕಾಸು ಕೊಡುವುದಿಲ್ಲ. ಮನೆಯೊಳಗಿನ ನಲ್ಲಿಗೆ ಮೀಟರು ಇರುತ್ತದೆ. ಇಲ್ಲಿಯೂ ಅದೇ ನೀತಿ ಸಾಕು. ತೆರಬಲ್ಲ ನಾವು ತೆರೋಣ.

ಆದರೆ ಕೂಲಿ ಅರಸಿ ಬಂದು ಬಾಡಿಗೆ ಕೋಣೆಯಲ್ಲಿರುವ, ಇಲ್ಲಿಯ ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಕನ್ನಡಿಗನ ಮಗುವಿಗೆ? ಕನ್ನಡ ಶಾಲೆ ಹತ್ತಿರವಿಲ್ಲದ ಆ ಮಗುವಿಗೆ ನಮ್ಮ ಅಕ್ಷರ ಸಿಕ್ಕುವ ದಾರಿ ಬಹುಶಃ ಆ ಗಾಜಿನ ಎಳೆಯೊಂದೇ. ಆದುದರಿಂದ ಗ್ರಂಥಾಲಯಗಳಲ್ಲಿ, ಸಂಘದ ಕಟ್ಟಡಗಳಲ್ಲಿ ಪಟ್ಟಿ ಕೇಳದ ಒಂದು ನಲ್ಲಿ ಇರಲೇಬೇಕು. 'ಪ್ರಜೆಗಳು' ಎಂಬ ಮಾತಿನಿಂದ ಯಾರು ಹೊರಗುಳಿದರೆಂದು ಕೇಳುವುದನ್ನು ಕೇರಳದ ಚರಿತ್ರೆ ನಮಗೆ ಕಲಿಸಿದೆ.