ಕಾಲು ಉಳಿಸಿದ ಕಸೂತಿ

ಮೂರು ತಿಂಗಳ ಹಿಂದೆ ಪುಣೆಯ ನಮ್ಮ ಫ್ಲ್ಯಾಟ್‌ನಲ್ಲಿ ರೂಮ್‌ಮೇಟ್ ಕಾಲಿನ ಮೇಲೆ ಗಾಜಿನ ಜಾರ್ ಬಿತ್ತು. ಪಾದದ ಮೇಲ್ಭಾಗದ ರಕ್ತನಾಳ, ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜು, ಎರಡೂ ಒಟ್ಟಿಗೇ ಕಟ್. ಒಂದೇ ಆಪರೇಷನ್‌ನಲ್ಲಿ ಎರಡನ್ನೂ ಹೊಲಿದರು. ಇದೇನು ಶರ್ಟ್ ಹೊಲಿದ ಹಾಗೆ ಅಂದ ಅವನು. ಆ ಮಾತು ಹಿಡ್ಕೊಂಡು ನಾನು ಓದ್ತಾ ಹೋದೆ.

ರಜ್ಜುವಿಗೆ ಸೂಜಿ ಹಾಕೋಕೆ ಯುರೋಪಿನ ವೈದ್ಯರು ಶತಮಾನಗಟ್ಟಲೆ ಹೆದರಿದ್ರು. ಗ್ರೀಕಿನಲ್ಲಿ 'ನ್ಯೂರಾನ್' ಅಂದ್ರೆ ನರವೂ ಹೌದು, ರಜ್ಜುವೂ ಹೌದು. ಚುಚ್ಚಿದ್ರೆ ಸೆಳವು ಬರುತ್ತೆ ಅನ್ನೋ ನಂಬಿಕೆ ಗ್ಯಾಲೆನ್ ಹೆಸರಲ್ಲಿ ನಡೆದುಬಂತು. ಎರಡು ವಸ್ತುಗೆ ಒಂದೇ ವೇರಿಯಬಲ್ ಹೆಸರಿಟ್ಟಾಗ ಆಗೋ ಬಗ್ ಇದು! (ನಾವೂ ಎಲ್ಲದಕ್ಕೂ 'ನರ ಕಟ್ಟಾಯ್ತು' ಅಂತೀವಲ್ಲ.) ರಜ್ಜುವನ್ನು ಹೊಲಿಯಬಹುದು ಅಂದವನು ಇಬ್ನ್ ಸೀನಾ.

ರಕ್ತನಾಳದ ಕಥೆ ಬೇರೆ. ಅದನ್ನು ಕಟ್ಟಿ ರಕ್ತ ನಿಲ್ಲಿಸೋದು ಗೊತ್ತಿತ್ತು, ಕೂಡಿಸೋದು ಗೊತ್ತಿರಲಿಲ್ಲ. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋಗೆ ಲಿಯಾನ್ ನಗರದಲ್ಲಿ ಚೂರಿ ಹಾಕಿದರು. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಸೀಳಿತ್ತು, ಸರ್ಜನ್‌ಗಳು ಕೈಚೆಲ್ಲಿದರು. ಅದೇ ಊರಿನಲ್ಲಿ ವೈದ್ಯಕೀಯ ಕಲಿಯುತ್ತಿದ್ದ ಅಲೆಕ್ಸಿಸ್ ಕರೆಲ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಲಿಯಾನ್ ಅಂದ್ರೆ ರೇಷ್ಮೆ ಊರು. ಕರೆಲ್ ಹೋಗಿ ಕಸೂತಿ ಹಾಕುವ ಲೆರೂದಿಯೇ ಎಂಬ ಹೆಂಗಸಿನ ಹತ್ತಿರ ಸಣ್ಣ ಸೂಜಿ, ನವಿರಾದ ದಾರದ ಕೆಲಸ ಕಲಿತ. 1902ರಲ್ಲಿ ವಿಧಾನ ಪ್ರಕಟಿಸಿದ: ನಾಳದ ದುಂಡು ಬಾಯಿಗೆ ಮೂರು ಕಡೆ ದಾರ ಹಾಕಿ ಎಳೆದರೆ ಅದು ತ್ರಿಕೋನ ಆಗುತ್ತೆ. ನೇರ ಅಂಚು ಹೊಲಿಯೋದು ಸುಲಭ, ಸೂಜಿ ಆಚೆ ಗೋಡೆಗೆ ಸಿಕ್ಕಿಕೊಳ್ಳಲ್ಲ. 1912ರಲ್ಲಿ ನೊಬೆಲ್ ಬಂತು.

ಆದ್ರೂ ಎರಡನೇ ಮಹಾಯುದ್ಧದಲ್ಲಿ ನಾಳವನ್ನು ಕಟ್ಟೋದೇ ಪದ್ಧತಿ. ಡಿಬೇಕಿ ಮತ್ತು ಸಿಮಿಯೋನ್ 1946ರಲ್ಲಿ ಅಮೆರಿಕನ್ ಸೈನಿಕರ 2,471 ಅಪಧಮನಿ ಗಾಯಗಳ ಲೆಕ್ಕ ಕೊಟ್ಟರು. ಕಟ್ಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕೈಯನ್ನೋ ಕಾಲನ್ನೋ ಕಳೆದುಕೊಂಡಿದ್ದರು. ಕೊರಿಯಾ ಯುದ್ಧದಲ್ಲಿ ಹೆಲಿಕಾಪ್ಟರ್‌ನಲ್ಲಿ ಬೇಗ ತಂದು ಹೊಲಿದಾಗ ಅದು ಸುಮಾರು ಶೇ. 13ಕ್ಕೆ ಇಳಿಯಿತು.

ಪಾದಕ್ಕೆ ಮಾತ್ರ ಒಂದು ಅದೃಷ್ಟ ಇದೆ. ಮೇಲಿಂದ ಒಂದು, ಒಳಗಿಣ್ಣಿನ ಹಿಂದಿಂದ ಇನ್ನೊಂದು ನಾಳ ಬಂದು ಒಳಗೆ ಕೂಡುತ್ತವೆ. ಒಂದು ಹೋದ್ರೂ ಇನ್ನೊಂದು ಸಾಮಾನ್ಯವಾಗಿ ಸಾಕು. ಎರಡೂ ಹೋದ್ರೆ ಕೂಡಿಸಲೇಬೇಕು, ಅದೂ ಕೆಲವೇ ಗಂಟೆಯೊಳಗೆ.

ಹಾಗಾದ್ರೆ ನನ್ನದನ್ನ ಯಾಕೆ ಹೊಲಿದ್ರು ಅಂತ ಕೇಳಿದ ರೂಮ್‌ಮೇಟ್. ಡಾಕ್ಟರನ್ನೇ ಕೇಳು ಅಂದೆ. ಪ್ಲಾಸ್ಟರ್ ಬಿಚ್ಚಿದ ದಿನ ಹೆಬ್ಬೆರಳು ಅಲುಗಲಿಲ್ಲ, ನಾವಿಬ್ಬರೂ ಹೆದರಿದ್ವಿ. ಹೋದ ವಾರ ಎತ್ತಿದ, ಸ್ವಲ್ಪವೇ.