ಬೆನ್ನು ನೆಲಕ್ಕೆ ತಾಗಿದ ಮೇಲೆ

ನಮ್ಮ ಗರಡಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಪೈಲ್ವಾನ ಚಿತ್; ಆಟ ಮುಗಿಯಿತು. ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ಪಾಠ ಶುರುವಾಗುವುದೇ ಅಲ್ಲಿಂದ. 1914ರಲ್ಲಿ ಬ್ರೆಜಿಲ್ ತಲುಪಿದ ಜಪಾನಿನ ಜೂಡೋ ಪಟು ಮಿತ್ಸುಯೋ ಮಯೆದಾ ಅವರಿಂದ ಈ ವಿದ್ಯೆ ಗ್ರೇಸಿ ಮನೆತನಕ್ಕೆ ದಾಟಿತು. ಅಂಗಾತ ಬಿದ್ದವರು ಕಾಲುಗಳಿಂದಲೇ ಎದುರಾಳಿಯನ್ನು ತಡೆದು ಹಿಡಿಯುವ ‘ಗಾರ್ಡ್’ ಅದರ ಬುನಾದಿ.

ಆದರೆ ಸಾಧನೆಯ ಶಿಸ್ತು ನಮಗೆ ಹೊಸತಲ್ಲ. 12ನೇ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ದರ್ಜೆ, ಆಹಾರ, ಪಟ್ಟುಗಳನ್ನು ವಿವರಿಸಿದ್ದಾನೆ, ಭಾರ ಎತ್ತುವುದು, ಈಜು, ಕಂಬದ ಅಭ್ಯಾಸಗಳನ್ನೂ ಬಿಟ್ಟಿಲ್ಲ.

ಆ ಪರಂಪರೆಯ ಗರಡಿಗಳು ಬಹುಕಾಲ ಗಂಡಸರವೇ ಆಗಿದ್ದವು. ಇಂದು ಅನ್ನಪೂರ್ಣೇಶ್ವರಿ ನಗರದ ಹುಡುಗಿಯೊಬ್ಬಳು ಜಿಯು-ಜಿತ್ಸು ಕಲಿಯಹೊರಟರೆ, ಮೊದಲು ಕಲಿಯುವುದು ಪೆಟ್ಟಾಗದಂತೆ ಬೀಳುವುದನ್ನು. ಆಮೇಲೆ, ತನಗಿಂತ ದಪ್ಪಗಿರುವವರ ಅಡಿಯಿಂದ ಸೊಂಟ ಸರಿಸಿ ಹೊರಬರುವುದನ್ನು.